ಸುಗಂಧದ ಮಾರುಕಟ್ಟೆ ಮತ್ತು ಕೊಡಗಿನ ಬಿಳಿ ದೇವದಾರು

(ಸೋಮವಾರಪೇಟೆಯಲ್ಲಿ ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಹಿಂದಿನ ಕಾಲದ ಒಳ್ಳೆಯ ಪೆನ್ಸಿಲೊಂದನ್ನು ಚೂಪು ಮಾಡುವಾಗ ಏಳುತ್ತಿದ್ದ ವಾಸನೆಯು ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿರಬಹುದು. ಒಣಮರದ, ತುಸು ಸಿಹಿಯಾದ ಆ ವಾಸನೆಯೇ ಸುಗಂಧದ್ರವ್ಯಗಳ ಜಗತ್ತಿನಲ್ಲಿ ಸೀಡರ್ ಎಂದು ಹೆಸರಾದ ಪರಿಮಳ. ಸಾಬೂನು, ಅಗರಬತ್ತಿ, ಕ್ಷೌರದ ನಂತರ ಹಚ್ಚುವ ದ್ರಾವಣ, ಬಟ್ಟೆಗೆ ಸಿಂಪಡಿಸುವ ಅತ್ತರು, ಹೀಗೆ ನೂರಾರು ವಸ್ತುಗಳಲ್ಲಿ ಅದು ಬೆರೆತಿದೆ.

ಸೀಡರ್ ಎಂಬ ಹೆಸರು ಕೊಡಗಿಗೂ ಹೊಸದಲ್ಲ. ಮರದ ವ್ಯಾಪಾರಿಗಳ ಬಾಯಲ್ಲಿ, ತೋಟಗಳ ಮರಪಟ್ಟಿಗಳಲ್ಲಿ ಕೆಂಪು ಸೀಡರ್, ಬಿಳಿ ಸೀಡರ್, ಪಿಂಕ್ ಸೀಡರ್ ಎಂಬ ಹೆಸರುಗಳು ಬಹುಕಾಲದಿಂದ ಇವೆ. ಸೀಸೆಯೊಳಗಿನ ಸೀಡರ್‌ಗೂ ಬೆಟ್ಟದ ಮೇಲಿನ ಸೀಡರ್‌ಗೂ ಇರುವ ಸಂಬಂಧವೇನು? ಮರದ ಪರಿಮಳಕ್ಕೆ ಬೆಲೆ ಬಂದಾಗ ಆ ಬೆಲೆಯು ಮರವನ್ನು ಉಳಿಸುತ್ತದೆಯೇ, ಉರುಳಿಸುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ. ಕೊಡಗಿನ ದೇವರಕಾಡುಗಳಲ್ಲಿ ಹಾಗೂ ಕಾಫಿ ತೋಟಗಳಲ್ಲಿ ನಿಂತಿರುವ ಒಂದು ಮಹಾವೃಕ್ಷದ ಭವಿಷ್ಯವು ಈ ಉತ್ತರಗಳೊಡನೆ ತಳುಕು ಹಾಕಿಕೊಂಡಿದೆ.

ಒಂದು ಹೆಸರು, ಹಲವು ಮರಗಳು

ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ನಿಜವಾದ ಸೀಡರ್ ಎಂದರೆ ಪೈನ್ ಕುಟುಂಬಕ್ಕೆ ಸೇರಿದ ಸೀಡ್ರಸ್ ಕುಲದ ಮರಗಳು. ಪಶ್ಚಿಮ ಏಷ್ಯಾದ ಲೆಬನಾನ್ ಸೀಡರ್, ಮೊರಾಕ್ಕೊ ಮತ್ತು ಅಲ್ಜೀರಿಯಾ ದೇಶಗಳ ಅಟ್ಲಾಸ್ ಸೀಡರ್, ಹಿಮಾಲಯದ ದೇವದಾರು, ಇವು ಆ ಕುಲದ ಪ್ರಮುಖ ಸದಸ್ಯರು. ದೇವರ ಮರ ಎಂಬ ಅರ್ಥದ ಸಂಸ್ಕೃತದ ಹೆಸರೇ ಹಿಮಾಲಯದ ಮರದ ಶಾಸ್ತ್ರೀಯ ನಾಮದಲ್ಲಿಯೂ ಉಳಿದಿದೆ. ಆಯುರ್ವೇದದಲ್ಲಿ ದೇವದಾರು ಪ್ರಸಿದ್ಧ ಔಷಧ. ಜಾನುವಾರುಗಳ ಚರ್ಮರೋಗಕ್ಕೆ ಅದರ ಎಣ್ಣೆಯನ್ನು ಹಚ್ಚುವ ರೂಢಿ ಹಿಮಾಲಯದ ಹಳ್ಳಿಗಳಲ್ಲಿದೆ.

ಆದರೆ ವ್ಯಾಪಾರದಲ್ಲಿ ಸೀಡರ್ ಎಣ್ಣೆ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಈ ಕುಲದ ಮರಗಳಿಂದ ಬಂದುದಲ್ಲ. ಪೆನ್ಸಿಲಿಗೆ ಹೆಸರಾಗಿದ್ದ ಅಮೆರಿಕದ ವರ್ಜೀನಿಯಾ ಸೀಡರ್ ಹಾಗೂ ಅಲ್ಲಿನದೇ ಟೆಕ್ಸಾಸ್ ಸೀಡರ್ ಎರಡೂ ಜುನಿಪೆರಸ್ ಕುಲದವು. ಚೀನಾದ ಸೀಡರ್ ಎಣ್ಣೆ ಒಂದು ಬಗೆಯ ಸೈಪ್ರಸ್ ಮರದ್ದು. ಇವು ಮೂರೂ ಸೈಪ್ರಸ್ ಕುಟುಂಬದ ಸದಸ್ಯರು. ಬೇರೆ ಬೇರೆ ಖಂಡಗಳಿಗೆ ಹೋದ ಐರೋಪ್ಯರು ಪರಿಮಳವುಳ್ಳ, ಗೆದ್ದಲು ಹಿಡಿಯದ ಮರವನ್ನು ಕಂಡಲ್ಲೆಲ್ಲ ತಮಗೆ ಪರಿಚಿತವಾಗಿದ್ದ ಸೀಡರ್ ಎಂಬ ಹೆಸರಿನಿಂದ ಕರೆದರು.

ಕೊಡಗಿನ ಸೀಡರುಗಳೂ ಹಾಗೆಯೇ ಹೆಸರು ಪಡೆದವು. ಗಂಧಗರಿಗೆ ಎಂದು ಕನ್ನಡದಲ್ಲಿ ಕರೆಯುವ ಮರ ಕೆಂಪು ಸೀಡರ್ ಆಯಿತು. ಅದು ಬೇವಿನ ಕುಟುಂಬದ್ದು; ಕೊಯ್ದ ಹಲಗೆಗೆ ಹಿತವಾದ ವಾಸನೆಯಿದೆ. ತೋಟದವರು ಬಳಂಜಿ ಎನ್ನುವ ಎತ್ತರದ ಮರ ಪಿಂಕ್ ಸೀಡರ್ ಆಯಿತು. ಅದಾದರೋ ಅವರೆ, ಹುಣಸೆಗಳ ಕುಟುಂಬಕ್ಕೆ ಸೇರಿದ್ದು. ಬಿಳಿ ಸೀಡರ್ ಎಂದು ಹೆಸರಾದುದು ಡಿಸಾಕ್ಸೈಲಮ್ ಮಲಬಾರಿಕಮ್. ಇದೂ ಬೇವಿನ ಕುಟುಂಬದ್ದೇ. ಕನ್ನಡದಲ್ಲಿ ಇದಕ್ಕೆ ಬಿಳಿ ದೇವದಾರು ಎಂಬ ಹೆಸರಿದೆ. ತಮಿಳು, ಮಲಯಾಳಗಳಲ್ಲಿ ಇದನ್ನು ಬಿಳಿ ಅಗಿಲು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಬಯಲುಸೀಮೆಯ ಒಣಕಾಡುಗಳಲ್ಲಿ ಬೆಳೆಯುವ ಇನ್ನೊಂದು ಸಣ್ಣ ಮರಕ್ಕೂ ದೇವದಾರು ಎನ್ನುವುದುಂಟು. ಅದನ್ನು ಶ್ರೀಗಂಧಕ್ಕೆ ಬದಲಾಗಿ ಬಳಸುತ್ತಿದ್ದರು.

ಹಿಮಾಲಯವನ್ನು ಕಾಣದ ದಕ್ಷಿಣದ ಜನ ಬಿಳಿ ದೇವದಾರುವಿಗೆ ದೇವದಾರು, ಅಗಿಲು ಎಂಬ ಹೆಸರುಗಳನ್ನು ಕೊಟ್ಟುದು ವಿನಾಕಾರಣವಲ್ಲ. ಇದರ ಮರಕ್ಕೆ ನಸುಸಿಹಿಯಾದ ಪರಿಮಳವಿದೆ. ಧೂಪಕ್ಕೆ, ನಾಟಿ ಮದ್ದಿಗೆ ಇದು ಬಳಕೆಯಾಗಿದೆ. ಆದರೂ ಜಗತ್ತಿನ ಮಾರುಕಟ್ಟೆಯ ಸೀಡರ್ ಎಣ್ಣೆಗೂ ಇದಕ್ಕೂ ನಂಟಿಲ್ಲ. ಈ ವ್ಯತ್ಯಾಸವನ್ನು ಪ್ರತಿ ಗ್ರಾಮಸ್ಥನೂ ತಿಳಿದಿರುವುದು ಒಳಿತು. ಹೆಸರೊಂದೇ ಎಂಬ ಕಾರಣಕ್ಕೆ ಇದರ ಮರಕ್ಕೆ ಸೀಡರ್ ಎಣ್ಣೆಯ ಆಸೆ ತೋರಿಸುವ ದಲ್ಲಾಳಿ ಎಂದಾದರೂ ಎದುರಾದರೆ ಉತ್ತರ ಕೊಡಲು ಅದು ನೆರವಾಗುತ್ತದೆ.

ಪರಿಮಳದ ಮೂಲ

ಮಲ್ಲಿಗೆಯ ಪರಿಮಳ ಹೂವಿನಲ್ಲಿದೆ. ನಿಂಬೆಹುಲ್ಲಿನ, ನೀಲಗಿರಿಯ ಎಣ್ಣೆ ಎಲೆಯಲ್ಲಿದೆ. ಹೂವನ್ನು ಬಿಡಿಸಬಹುದು, ಹುಲ್ಲನ್ನು ಕೊಯ್ಯಬಹುದು. ಗಿಡ ಮತ್ತೆ ಚಿಗುರುತ್ತದೆ. ಸೀಡರ್, ಶ್ರೀಗಂಧಗಳ ಸಂಗತಿ ಹಾಗಲ್ಲ. ಅವುಗಳ ಪರಿಮಳವಿರುವುದು ಕಾಂಡದ ನಡುವಿನ ಚೇಗಿನಲ್ಲಿ.

ಎಳೆಯ ಮರದ ಕಾಂಡದಲ್ಲಿ ಬಹುಪಾಲು ಬಿಳಿಯ ಹೊರಮರವೇ ಇರುತ್ತದೆ. ಬೇರಿನಿಂದ ಎಲೆಗೆ ನೀರು ಏರುವುದು ಅದರ ಮೂಲಕ. ವರ್ಷಗಳು ಉರುಳಿದಂತೆ ಒಳಗಿನ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. ಹಾಗೆ ನಿಲ್ಲಿಸುವ ಮುನ್ನ ಮರವು ಆ ಭಾಗದಲ್ಲಿ ಎಣ್ಣೆ, ರಾಳ, ಬಣ್ಣಗಳನ್ನು ತುಂಬುತ್ತದೆ. ಅದೇ ಚೇಗು. ಶಿಲೀಂಧ್ರ ಹಾಗೂ ಗೆದ್ದಲುಗಳಿಂದ ತನ್ನ ಬೆನ್ನೆಲುಬನ್ನು ಕಾಪಾಡಿಕೊಳ್ಳಲು ಮರವು ಕಂಡುಕೊಂಡ ಉಪಾಯವಿದು. ಮನುಷ್ಯನ ಮೂಗಿಗೆ ಪರಿಮಳವಾದುದು ಹುಳುವಿಗೆ ವಿಷ. ಸೀಡರ್ ಮರದ ಪೆಟ್ಟಿಗೆಯಲ್ಲಿಟ್ಟ ಉಣ್ಣೆ ಬಟ್ಟೆಗೆ ನುಸಿ ಹಿಡಿಯದೆಂಬ ನಂಬಿಕೆಯ ಹಿಂದೆ ಇರುವುದು ಈ ಗುಣವೇ.

ವರ್ಜೀನಿಯಾ ಸೀಡರಿನ ಎಣ್ಣೆಯಲ್ಲಿ ಸೆಡ್ರೀನ್, ತುಜೋಪ್ಸೀನ್, ಸೆಡ್ರಾಲ್ ಎಂಬ ವಸ್ತುಗಳು ಪ್ರಧಾನವಾದವು. ಹಿಮಾಲಯದ ಮತ್ತು ಅಟ್ಲಾಸಿನ ಎಣ್ಣೆಗಳಲ್ಲಿ ಪ್ರಧಾನವಾದವು ಹಿಮಾಚಲೀನ್ ಎಂಬ ವರ್ಗದವು; ಜೊತೆಗೆ ಅಟ್ಲಾಂಟೋನ್ ಇದೆ. ಬೆಟ್ಟಗಳ ಹೆಸರು ರಸಾಯನಶಾಸ್ತ್ರದ ಪುಸ್ತಕಕ್ಕೆ ಏರಿದ ಬಗೆಯಿದು. ಇವುಗಳಲ್ಲಿ ಹೆಚ್ಚಿನವು 15 ಇಂಗಾಲದ ಪರಮಾಣುಗಳುಳ್ಳ ಭಾರವಾದ ಅಣುಗಳು. ಆದ್ದರಿಂದ ಬೇಗ ಆವಿಯಾಗವು. ನಿಂಬೆ, ಕಿತ್ತಳೆಗಳ ವಾಸನೆ ಹಚ್ಚಿದ ಅಲ್ಪಕಾಲದಲ್ಲಿಯೇ ಹಾರಿಹೋದರೆ ಸೀಡರ್, ಶ್ರೀಗಂಧಗಳು ಗಂಟೆಗಟ್ಟಲೆ ನಿಲ್ಲುತ್ತವೆ. ತಮ್ಮೊಡನೆ ಬೆರೆತ ಹಗುರ ಪರಿಮಳಗಳನ್ನೂ ಹಿಡಿದು ನಿಲ್ಲಿಸುತ್ತವೆ. ಅತ್ತರು ಮಾಡುವವರು ಇವನ್ನು ತಳಹದಿಯ ಪರಿಮಳವೆಂದು ಕರೆಯುವುದು ಇದಕ್ಕಾಗಿ. ಸೆಡ್ರೀನಿನಿಂದ ಕಾರ್ಖಾನೆಗಳಲ್ಲಿ ಇನ್ನೂ ಹಲವು ಪರಿಮಳದ ವಸ್ತುಗಳನ್ನು ತಯಾರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾಗಳನ್ನು ನೋಡಲು ಮಸೂರಕ್ಕೂ ಗಾಜಿಗೂ ನಡುವೆ ಒಂದು ತೊಟ್ಟು ಎಣ್ಣೆ ಹಾಕುವ ಕ್ರಮವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಕೃತಕ ಎಣ್ಣೆಗಳು ಬರುವ ಮೊದಲು ಆ ತೊಟ್ಟು ಸೀಡರ್ ಎಣ್ಣೆಯದಾಗಿತ್ತು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮರದ ಪರಿಮಳವು ವಯಸ್ಸಿನ ಗಳಿಕೆ. ಅದನ್ನು ಪಡೆಯಬೇಕಾದರೆ ಮರವನ್ನು ಕಡಿಯಬೇಕು, ಪುಡಿ ಮಾಡಬೇಕು, ಹಬೆಯಲ್ಲಿ ಬಟ್ಟಿ ಇಳಿಸಬೇಕು. ಒಂದು ತಲೆಮಾರು ನೆಟ್ಟದ್ದನ್ನು ಮುಂದಿನ ತಲೆಮಾರು ಕೊಯ್ಯುವ ಬೆಳೆಯಿದು. ನೆಡದೆ ಕೊಯ್ದರೆ ಮೂರನೆಯ ತಲೆಮಾರಿಗೆ ಉಳಿಯುವುದು ಹೆಸರು ಮಾತ್ರ.

ಮೂರು ಬಗೆಯ ಕೊಯ್ಲು

ಜಗತ್ತಿನಲ್ಲಿ ಸೀಡರ್ ಎಣ್ಣೆ ಬರುವ ದಾರಿಗಳನ್ನು ನೋಡಿದರೆ ಮೂರು ಬಗೆಯ ಕೊಯ್ಲು ಕಾಣುತ್ತದೆ.

ಮೊದಲನೆಯದು ಕಸದ ಕೊಯ್ಲು. ವರ್ಜೀನಿಯಾ ಸೀಡರಿನ ಎಣ್ಣೆಯನ್ನು ಮರದ ಮಿಲ್ಲಿನ ಹೊಟ್ಟು, ಚೂರು, ತುಂಡುಗಳಿಂದ ತೆಗೆಯುತ್ತಾರೆ. ಪೀಠೋಪಕರಣಕ್ಕೆ, ಬೇಲಿಗೂಟಕ್ಕೆ ಮರ ಬೇಕಾಗಿ ಕಡಿದಾಗ ಉಳಿಯುವ ಹೊಟ್ಟಿಗೆ ಇದರಿಂದ ಬೆಲೆ ಬರುತ್ತದೆ. ಎಣ್ಣೆಗೆಂದೇ ಮರ ಬೀಳುವುದಿಲ್ಲ.

ಎರಡನೆಯದು ಕಳೆಯ ಕೊಯ್ಲು. ಟೆಕ್ಸಾಸ್ ಸೀಡರ್ ಅಲ್ಲಿನ ಹುಲ್ಲುಗಾವಲುಗಳಿಗೆ ನುಗ್ಗಿ ಹಬ್ಬುವ ಮರ. ದನ ಸಾಕುವವರು ಅದನ್ನು ತೆಗೆಯಲು ಹೆಣಗುತ್ತಾರೆ. ತೆಗೆದ ಮರದಿಂದ ಎಣ್ಣೆಯಾಗುತ್ತದೆ. ಕೊಡಗಿನವರಿಗೆ ಲಾಂಟಾನದ ಪೊದೆಯಿಂದ ಬುಟ್ಟಿ, ಕುರ್ಚಿ ಹೆಣೆಯುವ ಕೆಲಸವನ್ನು ನೆನೆದರೆ ಇದು ಅರ್ಥವಾದೀತು.

ಮೂರನೆಯದು ಮೂಲಧನದ ಕೊಯ್ಲು. ಒಂದು ಕಾಲಕ್ಕೆ ಲೆಬನಾನಿನ ಬೆಟ್ಟಗಳನ್ನು ತುಂಬಿದ್ದ ಸೀಡರನ್ನು ಈಜಿಪ್ಟಿನವರು, ಫಿನೀಷಿಯನ್ನರು, ರೋಮನ್ನರು ಹಡಗಿಗೆ, ದೇಗುಲಕ್ಕೆ, ಅರಮನೆಗೆ ಸಾವಿರಾರು ವರ್ಷ ಕಡಿದರು. ಆ ದೇಶದ ಧ್ವಜದಲ್ಲಿ ಇಂದಿಗೂ ಸೀಡರ್ ಮರವಿದೆ. ಬೆಟ್ಟದಲ್ಲಿ ಉಳಿದಿರುವುದು ಚದುರಿದ ತೋಪುಗಳು. ಅವುಗಳಲ್ಲೊಂದಾದ 'ದೇವರ ಸೀಡರುಗಳ ಕಾಡು' 1998ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ದೇವರ ಹೆಸರಿನಲ್ಲಿ ಉಳಿದ ತೋಪು ಎಂಬ ಮಾತು ಕೊಡಗಿನವರಿಗೆ ಅಪರಿಚಿತವೆನಿಸದು. ಅಟ್ಲಾಸ್ ಸೀಡರಿನ ಎಣ್ಣೆಯನ್ನು ಹೆಚ್ಚಾಗಿ ಮರದ ಹೊಟ್ಟಿನಿಂದಲೇ ತೆಗೆದರೂ ಕಡಿತ, ಅತಿಮೇವು, ಬರಗಾಲಗಳಿಂದ ಆ ಕಾಡುಗಳೇ ಸೊರಗಿವೆ. 2013ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಆ ಮರವನ್ನು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಕಾಡೇ ಕುಗ್ಗುತ್ತಿರುವಾಗ ಹೊಟ್ಟಿನ ಲೆಕ್ಕವೊಂದರಿಂದ ಸಮಾಧಾನ ಪಡುವಂತಿಲ್ಲ.

ಮೂಡಣ ದಿಕ್ಕಿನ ಪಾಠ

ಮೂಲಧನದ ಕೊಯ್ಲಿಗೆ ಉದಾಹರಣೆ ಹುಡುಕಲು ಸೋಮವಾರಪೇಟೆಯ ಜನ ಲೆಬನಾನಿನವರೆಗೆ ಹೋಗಬೇಕಾಗಿಲ್ಲ. ಈ ಸೀಮೆಯ ಪಡುವಣಕ್ಕೆ 1,712 ಮೀಟರ್ ಎತ್ತರದ ಪುಷ್ಪಗಿರಿ, ಅದರ ಸುತ್ತ ಭಾರಿ ಮಳೆಯ ನಿತ್ಯಹರಿದ್ವರ್ಣ ಕಾಡು. ಮೂಡಣಕ್ಕೆ ಇಳಿದಂತೆ ಮಳೆ ಕಡಿಮೆಯಾಗಿ ಶನಿವಾರಸಂತೆ, ಕುಶಾಲನಗರಗಳ ಕಡೆ ಎಲೆಯುದುರುವ ಕಾಡು ಬರುತ್ತದೆ. ಆ ಒಣ ಅಂಚು ಶ್ರೀಗಂಧದ ನೆಲ.

ಸುಗಂಧಕ್ಕೆ ಶ್ರೀಗಂಧಕ್ಕಿಂತ ಹೆಸರಾದ ಮರ ಮತ್ತೊಂದಿಲ್ಲ. ಕನೌಜಿನ ಅತ್ತರುಗಳು ತಲೆಮಾರುಗಳ ಕಾಲ ಶ್ರೀಗಂಧದ ಎಣ್ಣೆಯ ಮೇಲೆಯೇ ಇಳಿದವು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಕೊರಡು ಸಾಗಿಸುವ ದಾರಿ ಮುಚ್ಚಿದಾಗ, 1916ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ತನ್ನದೇ ಎಣ್ಣೆ ಕಾರ್ಖಾನೆಯನ್ನು ತೆರೆಯಿತು. ಮೈಸೂರು ಸ್ಯಾಂಡಲ್ ಸಾಬೂನು ಆ ಎಣ್ಣೆಯ ಸಂತಾನ.

ಆದರೆ ಮರದ ಕಥೆ ಬೇರೆ. ಶ್ರೀಗಂಧದ ಬೇರಿನಲ್ಲಿ ಎಣ್ಣೆ ಹೆಚ್ಚು. ಆದ್ದರಿಂದ ಮರವನ್ನು ಕಡಿಯದೆ ಬುಡಸಹಿತ ಕಿತ್ತು ತೆಗೆಯುತ್ತಾರೆ. ಬುಡ ಹೋದ ಮೇಲೆ ಚಿಗುರುವುದೆಲ್ಲಿ? ಇದರ ಮೇಲೆ ರೋಗದ ಹೊಡೆತವೂ ಬಿತ್ತು. ಎಲೆಗಳು ಕಿರಿದಾಗಿ, ಕೊಂಬೆ ಕದಿರಿನಂತೆ ನೆಟ್ಟಗೆ ನಿಂತು, ಮರವು ಕೆಲವೇ ವರ್ಷಗಳಲ್ಲಿ ಒಣಗುವ ಸ್ಪೈಕ್ ರೋಗವು ಮೊದಲು ವರದಿಯಾದುದು 1899ರಲ್ಲಿ, ಇಂದು ಕುಶಾಲನಗರವೆಂದು ಕರೆಯುವ ಅಂದಿನ ಫ್ರೇಜರ್‌ಪೇಟೆಯಲ್ಲಿ. ಕೀಟಗಳು ಹರಡುವ, ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ ಈ ರೋಗಕ್ಕೆ ಶತಮಾನ ಕಳೆದರೂ ಮರವನ್ನು ಗುಣಪಡಿಸುವ ನಂಬಲರ್ಹ ಮದ್ದು ಸಿಕ್ಕಿಲ್ಲ.

ಕಾನೂನಿನ ಪಾಲೂ ಇದರಲ್ಲಿದೆ. ಅರಸರ ಕಾಲದಿಂದ ಶ್ರೀಗಂಧವು ರಾಜವೃಕ್ಷ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದರೂ ಅದು ಸರ್ಕಾರದ ಸ್ವತ್ತು. ಕಾಯುವ ಹೊಣೆ ರೈತನದು, ಕಳುವಾದರೆ ವಿಚಾರಣೆಯ ಭಯ ರೈತನದು, ಲಾಭ ಮಾತ್ರ ಅವನದಲ್ಲ. ಇಂಥ ಮರದ ಸಸಿಯನ್ನು ಕಂಡೊಡನೆ ಸದ್ದಿಲ್ಲದೆ ಕಿತ್ತೆಸೆಯುವ ರೂಢಿ ಬೆಳೆದುದು ಸಹಜವೇ. 2001ರಲ್ಲಿ ಕರ್ನಾಟಕವು ಅರಣ್ಯ ಕಾಯ್ದೆಯನ್ನು ತಿದ್ದಿ ಜಮೀನಿನ ಒಡೆಯನೇ ಮರದ ಒಡೆಯನೆಂದು ಒಪ್ಪಿತು. ಅಷ್ಟರಲ್ಲಿ ಕಾಡಿನ ದೊಡ್ಡ ಮರಗಳು ಬಹುಮಟ್ಟಿಗೆ ಹೋಗಿದ್ದವು. ಮೂಡಣದ ಈ ಪಾಠವನ್ನು ಪಡುವಣದ ಮರದ ವಿಷಯದಲ್ಲಿ ನೆನಪಿಟ್ಟುಕೊಳ್ಳಬೇಕಾಗಿದೆ.

ಪಡುವಣದ ಮರ

ಬಿಳಿ ದೇವದಾರು ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಮಾತ್ರ ಹುಟ್ಟುವ ಮರ. ಜಗತ್ತಿನ ಬೇರೆಲ್ಲೂ ಇದು ಕಾಡುಮರವಾಗಿ ಇಲ್ಲ. ಬೆಳೆದಾಗ 35 ಮೀಟರಿಗೂ ಮಿಗಿಲಾಗಿ ಏರಿ ಕಾಡಿನ ಮೇಲ್ಛಾವಣಿಯನ್ನು ಸೇರುತ್ತದೆ. ಗರಿಯಂತೆ ಜೋಡಿಸಿದ ಎಲೆ, ಬಲಿತಾಗ ಬಿರಿಯುವ ಹಳದಿ ಕಾಯಿ, ಒಳಗೆ ದಪ್ಪ ಬೀಜ. ಆ ಬೀಜವನ್ನು ನುಂಗಿ ದೂರ ಒಯ್ಯುವ ಕೆಲಸ ಮಂಗಟ್ಟೆ ಹಕ್ಕಿಯಂಥ ದೊಡ್ಡ ಕೊಕ್ಕಿನ ಪಕ್ಷಿಗಳದ್ದು. ಇದರ ಸಸಿಗೆ ನೆರಳು ಬೇಕು. ಬಯಲಿನಲ್ಲಿ ಮೊದಲು ಹುಟ್ಟುವ ಮರಗಳು ಬೆಳೆದು ಮುಗಿದು, ಕಾಡು ನೆಲೆನಿಂತ ಮೇಲೆ ನಿಧಾನವಾಗಿ ಮೇಲೇಳುವ ಜಾತಿ ಇದು.

ಕೊಡಗಿನಲ್ಲಿ ಈ ಮರ ಇಂದು ಉಳಿದಿರುವುದು ತುಂಡುತುಂಡಾಗಿ. ಕಾಫಿ ತೋಟಗಳ ನಡುವೆ ದ್ವೀಪಗಳಂತಿರುವ ಕಾಡಿನ ತುಣುಕುಗಳಲ್ಲಿ, ದೇವರಕಾಡುಗಳಲ್ಲಿ, ಕೆಲವೊಮ್ಮೆ ತೋಟದ ನೆರಳುಮರಗಳ ಸಾಲಿನಲ್ಲಿ ಒಂಟಿಯಾಗಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲಾಗಿವೆ. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್ ಮಾತ್ರ. ಎಂದರೆ ಒಂದೊಂದು ಬನದ ಪಾಲಿಗೆ ಸರಾಸರಿ ಎರಡು ಹೆಕ್ಟೇರಿನಷ್ಟು. ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ನಿಂತಿರುವ ಅಯ್ಯಪ್ಪನ ಬನದಲ್ಲಿ ಕತ್ತಿ ಎತ್ತಲು ಹಿರಿಯರು ಹೆದರಿದ್ದರಿಂದಲೇ ಎಷ್ಟೋ ಹೆಮ್ಮರಗಳು ಈ ಶತಮಾನವನ್ನು ಕಂಡಿವೆ.

ಆದರೆ ದೊಡ್ಡ ಮರ ನಿಂತಿರುವುದನ್ನು ನೋಡಿ ಜಾತಿ ಕ್ಷೇಮವಾಗಿದೆಯೆಂದು ಭಾವಿಸುವುದು ತಪ್ಪು. ಅಜ್ಜ ಅಜ್ಜಿಯರು ಮಾತ್ರ ಉಳಿದ ಮನೆಯಂತೆ, ಮೊಮ್ಮಕ್ಕಳಿಲ್ಲದ ಬನವೂ ಇರಬಹುದು. ಬಿಳಿ ದೇವದಾರುವಿನ ಪಾಡು ಅದೇ ದಿಕ್ಕಿನಲ್ಲಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರೂ ವಿದೇಶದ ವಿಜ್ಞಾನಿಗಳೂ ಸೇರಿದ ತಂಡವೊಂದು ಕೊಡಗಿನ 216 ಚದರ ಕಿಲೋಮೀಟರ್ ಪ್ರದೇಶದಲ್ಲಿ ಈ ಮರಗಳನ್ನು ಅಧ್ಯಯನ ಮಾಡಿ, ತಾಯಿಮರ ಹಾಗೂ ಸಸಿಗಳ ಆನುವಂಶಿಕ ಗುರುತುಗಳನ್ನು ಹೋಲಿಸಿ, 2012 ಮತ್ತು 2014ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. ಕೊಡಗಿನ ಪ್ರತಿ ತೋಟದವರೂ ತಿಳಿಯಬೇಕಾದ ಸಂಗತಿಗಳು ಅದರಲ್ಲಿವೆ.

ಒಂಟಿ ಮರದ ಬೆಲೆ

ಆ ಅಧ್ಯಯನವು ಮೊದಲು ಕೇಳಿದ್ದು ಈ ಪ್ರಶ್ನೆ: ಚದುರಿದ ಮರಗಳ ನಡುವೆ ಪರಾಗ ಹರಿದಾಡುತ್ತದೆಯೇ? ತೋಟದ ನಡುವೆ ಒಂಟಿಯಾಗಿ ನಿಂತ ಮರಕ್ಕೆ ಪರಾಗ ದೊರೆಯಲಾರದೆಂದು, ಆದ್ದರಿಂದ ಅದರ ಬೀಜ ಪ್ರಯೋಜನವಿಲ್ಲದ್ದೆಂದು ಯಾರಾದರೂ ಊಹಿಸಬಹುದು. ಕಂಡುಬಂದುದು ಬೇರೆ. ಒಂಟಿ ಮರಗಳಿಗೆ 5 ಕಿಲೋಮೀಟರಿಗೂ ಹೆಚ್ಚು ದೂರದಿಂದ, ಬೇರೆ ಬೇರೆ ಮರಗಳ ಪರಾಗ ಅನೇಕ ಬಾರಿ ಬಂದು ಸೇರುತ್ತಿತ್ತು. ತೊಂದರೆ ಕಂಡುದು ಕೆಲವೇ ಮರಗಳು ಉಳಿದಿರುವ ತೆಳುವಾದ ಕಾಡುತುಣುಕುಗಳಲ್ಲಿ. ಅಲ್ಲಿ ಹತ್ತಿರದ ಮರಗಳ ನಡುವೆಯೇ ಕೂಡುವಿಕೆ ಹೆಚ್ಚು. ಹತ್ತಿರದ ಮರಗಳೆಂದರೆ ಬಹುಶಃ ಒಂದೇ ತಾಯಿಯ ಮಕ್ಕಳು. ಅಂಥ ರಕ್ತಸಂಬಂಧದ ಬೀಜದಿಂದ ನರ್ಸರಿಯಲ್ಲಿ ಬೆಳೆಸಿದ ಸಸಿಗಳು ಸೊರಗಿದವು.

ಎರಡನೆಯ ಸಂಗತಿ ನೆಲಕ್ಕೆ ಸಂಬಂಧಿಸಿದ್ದು. ಮೇಲಿನ ಛಾವಣಿ ತೆರೆದು ಬಿಸಿಲು ಹೆಚ್ಚಿದ ಕಾಡುತುಣುಕುಗಳಲ್ಲಿ, ಬಯಲಿನ ಮರಗಳು ನುಗ್ಗಿ ಬಂದ ಕಡೆಗಳಲ್ಲಿ, ಬಿಳಿ ದೇವದಾರುವಿನ ಮರಿಗಳು ಮೇಲೇಳುವುದು ಕಡಿಮೆಯಾಗಿತ್ತು. ಬೀಜ ದುರ್ಬಲ, ತೊಟ್ಟಿಲು ಬಿಸಿ. ಎರಡೂ ಕೂಡಿದಾಗ ಮರಕ್ಕೆ ವಾರಸುದಾರರಿಲ್ಲದಂತಾಗುತ್ತದೆ.

ಈ ಎರಡು ಸಂಗತಿಗಳನ್ನು ತೋಟದ ದಿನನಿತ್ಯದ ಕೆಲಸಗಳೊಡನೆ ಇಟ್ಟು ನೋಡಬೇಕು. ಮರಗಸಿಯ ಕಾಲಕ್ಕೆ ಯಾವ ಮರದ ಕೊಂಬೆ ಸವರಬೇಕು, ಯಾವ ಮರ ತೆಗೆಯಬೇಕೆಂಬ ತೀರ್ಮಾನವಾಗುತ್ತದೆ. ಕಾಡುಮರ ಹೋದ ಜಾಗಕ್ಕೆ ಬರುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಆ ಮರ ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಪರವಾನಗಿಯ ತೊಡಕಿಲ್ಲ. ಕಾಡುಮರದ ವಿಷಯದಲ್ಲಾದರೋ ಭೂಮಿ ಜಮ್ಮಾ ಬಾಣೆಯೋ, ರಿಡೀಮ್ಡ್ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಹಕ್ಕು ಬದಲಾಗುತ್ತದೆ. ತನ್ನದಲ್ಲದ ಮರಕ್ಕೆ ನೆರಳು ಕೊಟ್ಟು ಬೆಳೆಸಲು ಬೆಳೆಗಾರ ಹಿಂಜರಿದರೆ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಶ್ರೀಗಂಧದ ಸಸಿಯನ್ನು ಕಿತ್ತೆಸೆಯುವಂತೆ ಮಾಡಿದ ಅದೇ ಲೆಕ್ಕಾಚಾರ ಇಲ್ಲಿಯೂ ಕೆಲಸ ಮಾಡುತ್ತಿದೆ. ತಾನು ನೆಟ್ಟು ಬೆಳೆಸಿದ ಕಾಡುಮರದ ಮೇಲೆ ಬೆಳೆಗಾರನಿಗೆ ನಿಶ್ಚಿತ ಹಕ್ಕು ದೊರೆಯಬೇಕೆಂಬ ಬೇಡಿಕೆಯು ಅದಕ್ಕಾಗಿ ಪರಿಸರದ ಬೇಡಿಕೆಯೂ ಹೌದು.

ಇಂಥ ಸ್ಥಿತಿಯಲ್ಲಿ ಬಿಳಿ ದೇವದಾರುವಿನ ಪರಿಮಳಕ್ಕೆ ಮಾರುಕಟ್ಟೆ ಹುಡುಕುವ ಮಾತು ಬಂದರೆ ಅದನ್ನು ಮೇಲಿನ ಮೂರು ಕೊಯ್ಲುಗಳ ತಕ್ಕಡಿಯಲ್ಲಿ ತೂಗಬೇಕು. ಇದು ಟೆಕ್ಸಾಸಿನ ಮರದಂತೆ ಕಳೆಯಾಗಿ ಹಬ್ಬಿಲ್ಲ. ವರ್ಜೀನಿಯಾದ ಮರದಂತೆ ಹೊಟ್ಟಿನ ರಾಶಿಯನ್ನೂ ಕೊಡುತ್ತಿಲ್ಲ. ಉಳಿದಿರುವುದು ಬೀಜದ ಮರಗಳು. ಅವುಗಳ ಚೇಗಿಗೆ ಬೆಲೆ ಕಟ್ಟುವುದೆಂದರೆ ಮೂಲಧನದ ಕೊಯ್ಲು. ಪರಿಮಳದ ಮಾತು ಈ ತಲೆಮಾರಿನದಲ್ಲ. ಸಸಿಯ ಮಾತು ಈ ತಲೆಮಾರಿನದು. ತೋಟಗಳಲ್ಲಿ ನೂರಾರು ಎಳೆಯ ಮರಗಳು ನಿಂತ ಕಾಲಕ್ಕೆ ಮೊಮ್ಮಕ್ಕಳು ಎಣ್ಣೆಯ ವಿಚಾರವನ್ನು ಮಾಡಿಕೊಳ್ಳಬಹುದು.

ಕೈಗೆತ್ತಿಕೊಳ್ಳಬೇಕಾದ ಕೆಲಸ

ಮೊದಲನೆಯದು ಎಣಿಕೆ. ತಮ್ಮ ಊರಿನ ಬನ, ತೋಟ, ಹಾಡಿಗಳಲ್ಲಿ ಬಿಳಿ ದೇವದಾರು ಎಷ್ಟಿವೆ, ಅವುಗಳ ಸುತ್ತಳತೆ ಎಷ್ಟು, ಬುಡದಲ್ಲಿ ಸಸಿಗಳಿವೆಯೇ ಎಂಬುದನ್ನು ವಿದ್ಯಾರ್ಥಿಗಳು ಬರೆದಿಡಬಹುದು. ದಾರದ ಅಳತೆ, ಒಂದು ನೋಟುಪುಸ್ತಕ, ಮರಗಳನ್ನು ಬಲ್ಲ ಹಿರಿಯರೊಬ್ಬರು, ಇಷ್ಟು ಸಾಕು. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಈ ಎಣಿಕೆ ಆ ದಾಖಲಾತಿಗೆ ಸೇರಲಿ. ಊರಿನ ಮರ ಕಾಗದದಲ್ಲಿ ದಾಖಲಾಗಿದ್ದರೆ, ನಾಳೆ ಅದರ ಪರಿಮಳವನ್ನೋ ಔಷಧವನ್ನೋ ಕೇಳಿ ಬರುವವರ ಎದುರು ಊರಿನ ಹಕ್ಕನ್ನು ಮಂಡಿಸಲು ಆಧಾರವಿರುತ್ತದೆ.

ಎರಡನೆಯದು ಬೀಜದ ಆಯ್ಕೆ. ಒಂದೇ ಮರದ ಬುಡದಿಂದ ಬುಟ್ಟಿ ತುಂಬಿ ತರುವುದು ಸುಲಭ, ಆದರೆ ಸರಿಯಲ್ಲ. ಮರಗಳು ದಟ್ಟವಾಗಿರುವ ಕಾಡುಗಳಿಂದ, ದೂರದೂರದ ಬನಗಳಿಂದ, ತೋಟದ ಒಂಟಿ ಮರಗಳಿಂದ ಸ್ವಲ್ಪ ಸ್ವಲ್ಪವಾಗಿ ಕೂಡಿಸಬೇಕು. ದೇವರಕಾಡಿನ ಬೀಜವನ್ನು ಊರಿನವರ, ತಕ್ಕರ ಒಪ್ಪಿಗೆಯಿಂದ, ಅರಣ್ಯ ಇಲಾಖೆಗೆ ತಿಳಿಸಿ ಆರಿಸಬೇಕು. ಹಕ್ಕಿ, ಅಳಿಲುಗಳ ಪಾಲನ್ನು ಅಲ್ಲಿಯೇ ಬಿಡಬೇಕು. ಮಳೆಕಾಡಿನ ದಪ್ಪ ಬೀಜ ಒಣಗಿಸಿ ಡಬ್ಬದಲ್ಲಿಡುವಂಥದಲ್ಲ. ಆರಿಸಿದ ಕೂಡಲೇ ನೆರಳಿನಲ್ಲಿ, ತೇವವಿರುವ ಮಣ್ಣಿನ ತೊಟ್ಟೆಗಳಲ್ಲಿ ಊರುವುದು ಒಳ್ಳೆಯದು.

ಮೂರನೆಯದು ನೆಡುವ ರೀತಿ. ಇದು ರಸ್ತೆಬದಿಯ, ಶಾಲಾಮೈದಾನದ ಬಿಸಿಲಿಗೆ ನೆಡುವ ಮರವಲ್ಲ. ವನಮಹೋತ್ಸವದ ದಿನ ಬಯಲಿನಲ್ಲಿ ನೆಟ್ಟು ಭಾವಚಿತ್ರ ತೆಗೆಸಿಕೊಂಡರೆ ಬೇಸಿಗೆಗೆ ಅದು ಉಳಿಯುವುದು ಕಷ್ಟ. ನೆರಳು ದಟ್ಟವಾಗಿರುವ ತೋಟದ ಅಂಚುಗಳಲ್ಲಿ, ತೋಡಿನ ಬದಿಗಳಲ್ಲಿ, ಬನಕ್ಕೆ ತಾಗಿದ ಜಾಗಗಳಲ್ಲಿ, ಬೇರೆ ಬೇರೆ ತಾಯಿಮರಗಳ ಐದಾರು ಸಸಿಗಳನ್ನು ಗುಂಪಾಗಿ ನೆಡಬೇಕು. ಹಾಗೆ ಮಾಡಿದಲ್ಲಿ ತೆಳುವಾದ ತೋಪಿಗೆ ಹೊಸ ರಕ್ತ ಸೇರುತ್ತದೆ.

ನಾಲ್ಕನೆಯದು ಕತ್ತಿಯ ಎಚ್ಚರ. ನೆಟ್ಟ ಸಸಿಗಿಂತ ಮುಖ್ಯವಾದುದು ತಾನಾಗಿ ಹುಟ್ಟಿದ ಸಸಿ. ತೋಟದಲ್ಲಿ ಕಳೆ ಕೊಚ್ಚುವಾಗ ಅದು ಎಲ್ಲ ಗಿಡಗಳೊಡನೆ ಹೋಗಿಬಿಡುತ್ತದೆ. ಕೊಚ್ಚುವ ಕೈಗೆ ಅದರ ಗುರುತಿಲ್ಲದಿರುವುದೇ ಕಾರಣ. ಕಳೆಯ ಕೆಲಸಕ್ಕೆ ಮುನ್ನ ತಾಯಿಮರದ ಸುತ್ತ ಒಮ್ಮೆ ನಡೆದು, ಸಿಕ್ಕ ಸಸಿಯ ಪಕ್ಕ ಬಣ್ಣದ ಬಟ್ಟೆ ಕಟ್ಟಿದ ಒಂದು ಗೂಟ ನೆಟ್ಟರೆ ಅದು ಬದುಕುತ್ತದೆ. ತೋಟದ ಕೆಲಸಗಾರರಿಗೆ ಆ ಎಲೆಯನ್ನು ತೋರಿಸಿ ಪರಿಚಯಿಸುವ ಕೆಲಸವನ್ನು ಅದೇ ಮನೆಯ ವಿದ್ಯಾರ್ಥಿ ಮಾಡಬಹುದು.

ತೋಟದ ನಡುವೆ ಒಂಟಿಯಾಗಿ ನಿಂತ ಬಿಳಿ ದೇವದಾರುವನ್ನು ನೋಡಿ, ಇದರಿಂದ ಏನು ಆದಾಯವೆಂದು ಕೇಳುವ ಬೆಳೆಗಾರನಿಗೆ ಈಗ ಒಂದು ಉತ್ತರವಿದೆ. ಐದು ಕಿಲೋಮೀಟರ್ ಆಚೆಯ ಬನಗಳ ಪರಾಗವನ್ನು ಆ ಮರ ತನ್ನ ಬೀಜದಲ್ಲಿ ಕೂಡಿಸಿಡುತ್ತಿದೆ. ಅಂಥ ಬೀಜವನ್ನು ಯಾವ ನರ್ಸರಿಯೂ ಹಣಕ್ಕೆ ಕೊಡಲಾರದು. ಈ ಮರಗಸಿಯಲ್ಲಿ ಅದನ್ನು ಬಿಟ್ಟುಬಿಡಿ. ಈ ಮಳೆಗಾಲದಲ್ಲಿ ಅದರ ಬುಡವನ್ನು ಒಮ್ಮೆ ನೋಡಿ ಬನ್ನಿ.